ಸ್ಪೋರ್ಟ್ಸ್ ಕಾರಿನ ಚಂದ್ರಮೌಳಿ

ನಮ್ಮ ಚಂದ್ರಮೌಳಿ ಜೀವಮಾನದಲ್ಲಿ ಆಡಿದ ಆಟ ಒಂದೇ, ಕೇರಂ. ಅದರಲ್ಲೂ ಸ್ಟ್ರೈಕರನ್ನೇ ಪಾಕೆಟ್ಟಿಗೆ ಕಳಿಸುವುದರಲ್ಲಿ ಅವನಿಗೆ ವಿಶೇಷ ಪರಿಣತಿ. ಅಂಥವನು ಸಾವಿರದ ಒಂಬೈನೂರ ಎಂಬತ್ತೇಳರ ಸೆಪ್ಟೆಂಬರಿನಿಂದ ಮುಂದಿನ ಜನವರಿಯವರೆಗೆ, ಸರಿಯಾಗಿ ನಾಲ್ಕು ತಿಂಗಳು, ವಿಶಾಖಪಟ್ಟಣದ ಪೆದವಾಲ್ತೇರಿನಲ್ಲಿ ದೊಡ್ಡ ಕ್ರೀಡಾಪಟುವಾಗಿ ಬಾಳಿದ. ನಾನು ಕಣ್ಣಾರೆ ಕಂಡವನು. ಕಂಡವನು ಮಾತ್ರವಲ್ಲ, ಸ್ಟೀರಿಂಗ್ ಹಿಡಿದವನೂ ನಾನೇ.

ನಾವಿಬ್ಬರೂ ಒಂದೇ ಬ್ಯಾಂಕಿನವರು. ನಾನು ರಮಾಕಾಂತ, ದಾವಣಗೆರೆಯವನು. ಅವನು ಅರಸೀಕೆರೆಯವನು, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ವರ್ಗವಾಗಿ ಸಮುದ್ರದ ದಡಕ್ಕೆ ಬಂದು ಬಿದ್ದ ಮೇಲೆ ಅನ್ನಪೂರ್ಣಮ್ಮ ಎಂಬವರ ಮನೆಯ ಎರಡು ಪೋರ್ಷನ್ನುಗಳಲ್ಲಿ ಅಕ್ಕಪಕ್ಕ ಬಾಡಿಗೆಗಿದ್ದೆವು. ನಾನಾಗ ಇನ್ನೂ ಬ್ರಹ್ಮಚಾರಿ. ಮೌಳಿಯ ಹೆಂಡತಿ ಗಿರಿಜಾ ಊಟಕ್ಕೆ ಕರೆಯುತ್ತಿದ್ದರು. ಕರೆಯುವ ಹೊತ್ತಿಗೆ ನಾನು ಎಲೆಯ ಮುಂದೆ ಕೂತಿರುತ್ತಿದ್ದೆ.

ಅನ್ನಪೂರ್ಣಮ್ಮನವರ ಯಜಮಾನರು ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸುವ ಪೈಲಟ್ ಆಗಿದ್ದವರು. ಅವರು ತೀರಿಕೊಂಡು ಎಂಟು ವರ್ಷವಾಗಿತ್ತು. ಅವರ ಕಾರು ಹಿತ್ತಲಿನ ಷೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಆ ವರ್ಷ ಅನ್ನಪೂರ್ಣಮ್ಮನವರಿಗೆ ಎಮ್ಮೆ ಸಾಕುವ ಮನಸ್ಸಾಯಿತು.

"ಬಾಬು, ನನಗೆ ಷೆಡ್ಡು ಬೇಕು. ಕಾರು ನೀನಿಟ್ಟುಕೋ. ಎಮ್ಮೆ ಗುರುವಾರ ಬರುತ್ತೆ," ಎಂದರು ಮೌಳಿಗೆ.

ಟಾರ್ಪಾಲು ಸರಿಸಿದಾಗ ನಾವಿಬ್ಬರೂ ಬಾಯಿ ಬಿಟ್ಟು ನಿಂತೆವು. ಕೆಂಪು ಬಣ್ಣ, ಉದ್ದನೆಯ ಮೂತಿ, ಎರಡೇ ಸೀಟು, ತಲೆಯ ಮೇಲೆ ಮಡಚುವ ಬಟ್ಟೆ. ಹ್ಯಾಲ್‌ಸ್ಟನ್ ಅಂತ ಇಂಗ್ಲೆಂಡಿನ ಕಂಪನಿಯದು. ಆ ಕಂಪನಿ ಮುಚ್ಚಿಹೋಗಿ ಹದಿನೈದು ವರ್ಷವಾಗಿದೆ ಎಂದು ಆಮೇಲೆ ತಿಳಿಯಿತು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂತವನಿಗೆ ಪಕ್ಕದಲ್ಲಿ ಹೋಗುವ ಲಾರಿಯ ಮುಖ ಕಾಣುತ್ತಿರಲಿಲ್ಲ, ಹೊಟ್ಟೆ ಕಾಣುತ್ತಿತ್ತು.

"ಇದನ್ನ ಸ್ಪೋರ್ಟ್ಸ್ ಕಾರು ಅಂತಿದ್ದರು ನಮ್ಮವರು," ಎಂದರು ಅನ್ನಪೂರ್ಣಮ್ಮ. "ಯಾರು ಬೇಕಾದರೂ ಓಡಿಸಬಹುದಾ ಬಾಬು ಇದನ್ನ?"

ಮೌಳಿ ಬಾನೆಟ್ಟಿನ ಮೇಲೆ ಕೈಯಿಟ್ಟು ಎದೆ ಉಬ್ಬಿಸಿದ. "ಎಲ್ಲರಿಗೂ ಆಗೋದಲ್ಲಮ್ಮ. ಇದಕ್ಕೆ ಅಂಥವರೇ ಬೇಕು."

ಇಷ್ಟೇ ಅವನು ಆಡಿದ ಮಾತು. ಇದರಲ್ಲಿ ಸುಳ್ಳೇನಾದರೂ ಇದೆಯೇ? ಇಲ್ಲ. ಆದರೆ ಬೀದಿಯವರು, ಮನೆಯಲ್ಲಿ ಬಿದ್ದಿದ್ದ ಕಾರನ್ನು ಬಾಡಿಗೆಯವನಿಗೆ ಯಾಕೆ ಕೊಟ್ಟಿರಿ ಎಂದು ಅನ್ನಪೂರ್ಣಮ್ಮನವರನ್ನು ಕೇಳಿದಾಗ, ಅವರು ತಮಗೆ ತಿಳಿದಂತೆ ಉತ್ತರಿಸಿದರು: "ಅದು ಸ್ಪೋರ್ಟ್ಸ್ ಕಾರು. ಸ್ಪೋರ್ಟ್ಸಿನವರೇ ಇಟ್ಟುಕೋಬೇಕು. ಈ ಹುಡುಗ ಕರ್ನಾಟಕದಲ್ಲಿ ದೊಡ್ಡ ಆಟಗಾರನಂತೆ."

ಯಾರೂ ಅನುಮಾನಿಸಲಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟು ಸಿಗುತ್ತಿದ್ದ ಕಾಲ, ರೈಲ್ವೆಯಲ್ಲಿ ಕೆಲಸ ಸಿಗುತ್ತಿದ್ದ ಕಾಲ. ಕಾರು ಯಾಕೆ ಸಿಗಬಾರದು?

ಉಳಿದಿದ್ದ ಅಷ್ಟಿಷ್ಟು ಅನುಮಾನವನ್ನು ಕಾರೇ ಪರಿಹರಿಸಿತು. ಅದರ ಸ್ಟಾರ್ಟರ್ ಮೋಟಾರು ಸಮುದ್ರದ ಗಾಳಿಗೆ ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. ಎಂಜಿನ್ ಶುರುವಾಗಬೇಕಾದರೆ ತಳ್ಳಲೇಬೇಕು. ಬೆಳಿಗ್ಗೆ ಆರು ಗಂಟೆಗೆ ನಾನು ಸ್ಟೀರಿಂಗ್ ಹಿಡಿದು ಕೂರುತ್ತಿದ್ದೆ. ಮೌಳಿ ಬನೀನು, ಚಡ್ಡಿ ಹಾಕಿಕೊಂಡು ಹಿಂದಿನಿಂದ ತಳ್ಳುತ್ತಾ ಓಡುತ್ತಿದ್ದ. ಬೀದಿ ಮುಗಿದು ಬೀಚಿನ ಕಡೆಗೆ ಇಳಿಜಾರು ಸಿಗುವವರೆಗೆ ಮೂರು ಫರ್ಲಾಂಗು. ಎಂಜಿನ್ ಹಿಡಿದ ಕೂಡಲೇ ನಾನು ನಿಲ್ಲಿಸುವ ಹಾಗಿಲ್ಲ, ಯಾಕೆಂದರೆ ನಿಧಾನ ಮಾಡಿದರೆ ಅದು ಸಾಯುತ್ತಿತ್ತು. ಅವನು ಓಡುತ್ತಲೇ ಬಂದು ಬಾಗಿಲ ಮೇಲಿಂದ ಒಳಕ್ಕೆ ಹಾರಬೇಕು. ಎದುರು ಮನೆಯ ನಿವೃತ್ತ ಓವರ್‌ಸಿಯರು ಕಾಫಿ ಲೋಟದೊಂದಿಗೆ ಕುರ್ಚಿಯನ್ನೇ ಗೇಟಿನ ಬಳಿ ತಂದು ಹಾಕಿಕೊಂಡರು. "ಏಮಿ ಡೆಡಿಕೇಷನ್!" ಎಂದು ಹೆಂಡತಿಗೆ ಹೇಳುತ್ತಿದ್ದುದು ನನಗೇ ಕೇಳಿಸುತ್ತಿತ್ತು.

ಹದಿನೈದನೆಯ ದಿನ ಮ್ಯಾನೇಜರ್ ದಕ್ಷಿಣಾಮೂರ್ತಿಯವರು ಮೌಳಿಯನ್ನು ಕ್ಯಾಬಿನ್ನಿಗೆ ಕರೆದರು. ಜೊತೆಗೆ ನಾನೂ ಹೋದೆ.

"ಏಮಂಡಿ ಚಂದ್ರಮೌಳಿ, ಇಂಥ ವಿಷಯ ಮುಚ್ಚಿಡೋದಾ? ಜನವರಿಯಲ್ಲಿ ವಿಜಯವಾಡದಲ್ಲಿ ನಮ್ಮ ಬ್ಯಾಂಕಿನ ಕ್ರೀಡಾಕೂಟ. ಹನ್ನೊಂದು ವರ್ಷದಿಂದ ನಮ್ಮ ಬ್ರಾಂಚಿಗೆ ಬಹುಮಾನ ಅಂತ ಒಂದು ಸೋಪಿನ ಡಬ್ಬಿ ಕೂಡ ಬಂದಿಲ್ಲ. ನೀವು ನೋಡಿದರೆ ಇಲ್ಲೇ ಕೂತು ಡ್ರಾಫ್ಟು ಬರೀತಿದ್ದೀರಿ!"

ಇಲ್ಲಿ ಮೌಳಿ "ಇಲ್ಲ ಸಾರ್, ನನಗೆ ಯಾವ ಆಟವೂ ಬರೋದಿಲ್ಲ" ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಅವನು ತಲೆ ಬಗ್ಗಿಸಿ ಅಂದ: "ಈಗ ಟಚ್ ಇಲ್ಲ ಸಾರ್."

ಮನುಷ್ಯರು ಹಾಳಾಗುವುದು ಇಂಥ ಸಣ್ಣ ವಿನಯಗಳಿಂದ.

ಮನೆಯಲ್ಲಿ ಗಿರಿಜಾ ಕೇಳಿದರು: "ರೀ, ನೀವು ಯಾವ ಆಟ ಆಡ್ತಿದ್ರಿ? ಬೀದಿಯವರೆಲ್ಲ ಕೇಳ್ತಾರೆ."

"ಎಲ್ಲಾ ಸ್ವಲ್ಪ ಸ್ವಲ್ಪ," ಎಂದ ಮೌಳಿ, ಸಾರಿನ ಪಾತ್ರೆಯನ್ನು ನೋಡುತ್ತ.

ಗಿರಿಜಾ ಅವನನ್ನೇ ಒಂದು ಗಳಿಗೆ ನೋಡಿದರು. ಮರುದಿನದಿಂದ ಅವನ ಲೋಟಕ್ಕೆ ಅನ್ನಪೂರ್ಣಮ್ಮನವರ ಎಮ್ಮೆಯ ಗಟ್ಟಿ ಹಾಲು ಬೀಳತೊಡಗಿತು. ಅರಸೀಕೆರೆಗೂ ಕಾಗದ ಹೋಯಿತು. ಅಳಿಯ ಸೋಮಾರಿ ಎಂದು ಆರು ವರ್ಷದಿಂದ ಮುಖ ಕೊಟ್ಟು ಮಾತಾಡದಿದ್ದ ಮಾವನವರು ಇನ್ಲೆಂಡ್ ಲೆಟರಿನಲ್ಲಿ ಬರೆದರು: "ಅಳಿಯಂದಿರ ವಿಚಾರದಲ್ಲಿ ನಾನು ತಪ್ಪು ತಿಳಿದಿದ್ದೆ." ಮೌಳಿ ಅದನ್ನು ನನಗೆ ತೋರಿಸಿ, ಮಡಿಸಿ ಜೇಬಿಗಿಟ್ಟುಕೊಂಡ. "ಈಗ ಹ್ಯಾಗಯ್ಯಾ ನಿಜ ಹೇಳೋದು?" ಎಂದ.

ನವೆಂಬರಿನ ಒಂದು ಭಾನುವಾರ ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆಯ ಮುಂದೆ ಕಾರು ನಿಂತಿತು. ಸುತ್ತ ನೂರು ಜನ ಸೇರಿದರು. ಒಬ್ಬೊಬ್ಬರೂ ಒಂದೊಂದು ರೋಗ ಹೇಳಿದರು. ಆಗ ಬಿಳಿ ಪಂಚೆಯ ದಪ್ಪನೆಯ ವ್ಯಕ್ತಿಯೊಬ್ಬರು ಜನರನ್ನು ಸರಿಸಿಕೊಂಡು ಬಂದು, ಕಾರನ್ನು ಕಂಡು, ಕಳೆದುಹೋಗಿದ್ದ ತಮ್ಮ ಸಿಕ್ಕಿದವರಂತೆ ನಿಂತುಬಿಟ್ಟರು.

"ಹ್ಯಾಲ್‌ಸ್ಟನ್!" ಎಂದರು. "ನಮ್ಮನೇಲೂ ಒಂದಿದೆ. ಹಸಿರು."

ಅವರು ಕಾಮೇಶ್ವರ ರಾವು, ಬೆಲ್ಲದ ವ್ಯಾಪಾರಿ. ಪಂಚೆ ಎತ್ತಿ ಕಟ್ಟಿ ಕಾರಿನ ಕೆಳಗೆ ಮಲಗಿದರು. "ಪೆಟ್ರೋಲ್ ಟ್ಯಾಂಕು ಸೋರುತ್ತಿದೆ. ಬೆಸುಗೆ ಹಾಕಬೇಡಿ, ಸಿಡಿದುಹೋಗುತ್ತೆ. ಪೆಟ್ರೋಲಿಗೆ ಕರಗದ ವಸ್ತು ಯಾವುದು ಹೇಳಿ?"

"ರಬ್ಬರು?" ಎಂದ ಮೌಳಿ.

"ಬೆಲ್ಲ!" ಎಂದು ಎದ್ದು ಕೂತರು. "ನೀರಿಗೆ ಕರಗುತ್ತೆ, ಪೆಟ್ರೋಲಿಗೆ ಕರಗಲ್ಲ. ಸುಣ್ಣ ಕಲಸಿ ಮೆತ್ತಿದರೆ ಕಲ್ಲು." ಮೆತ್ತಿಯೇಬಿಟ್ಟರು. ಸೋರುವುದು ನಿಂತಿತು. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬೊರೇಟರುಗಳ ತಲೆ ಬಿಚ್ಚಿ, ಅಲ್ಲಿ ಎಣ್ಣೆ ಒಣಗಿದೆ ಎಂದು ಮನೆಯಿಂದ ಎಳ್ಳೆಣ್ಣೆ ತರಿಸಿ ತುಂಬಿದರು. ಊಟ ಹಾಕದೆ ಕಳಿಸಲಿಲ್ಲ. ಹೊರಡುವಾಗ ಒಂದು ಚೀಟಿ ಕೊಟ್ಟರು. ಅದರಲ್ಲಿ ವಿಜಯವಾಡದ ಡಾಕ್ಟರ್ ಹೈಮಾವತಿಯವರ ವಿಳಾಸ. "ಇಡೀ ಆಂಧ್ರದಲ್ಲಿ ಇರೋವು ಮೂರೇ. ಮೂರನೆಯದು ಆಯಮ್ಮನ ಹತ್ತಿರ. ಆದರೆ ಆಕೆಯ ಮಾತು ಪೂರ್ತಿ ನಂಬಬೇಡಿ, ಡಾಕ್ಟರು."

ಅಲ್ಲಿಂದ ನಮ್ಮ ಬದುಕು ಅಂಚೆಯಣ್ಣನ ಕೈಗೆ ಸೇರಿತು. ಹೈಮಾವತಿಯವರು ಬಳ್ಳಾರಿಯವರು. ವಿಜಯವಾಡಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ. ಬೆಂಜ್ ಸರ್ಕಲ್ಲಿನ ಹತ್ತಿರ ಹೆರಿಗೆಯ ನರ್ಸಿಂಗ್ ಹೋಮ್. ತೀರಿಕೊಂಡ ಗಂಡನ ನೀಲಿ ಹ್ಯಾಲ್‌ಸ್ಟನ್ನನ್ನು ತಾವೇ ಬಿಚ್ಚಿ, ತಾವೇ ಜೋಡಿಸಿ ಓಡಿಸುತ್ತಿದ್ದರು. ಅವರ ಪತ್ರಗಳು ನರ್ಸಿಂಗ್ ಹೋಮಿನ ಚೀಟಿಯ ಮೇಲೇ ಬರುತ್ತಿದ್ದವು: "ಪ್ಲಗ್ಗುಗಳನ್ನು ಬಿಸಿನೀರಲ್ಲಿ ಅಲ್ಲ, ಪೆಟ್ರೋಲಿನಲ್ಲಿ ತೊಳೆಯಿರಿ. ರೇಡಿಯೇಟರಿಗೆ ದಿನಕ್ಕೆರಡು ಸಲ ನೀರು. ಒಂದು ವಾರದ ಮೇಲೆ ಮತ್ತೆ ಬರೆಯಿರಿ." ಅದನ್ನು ಕಾಮೇಶ್ವರ ರಾಯರಿಗೆ ತೋರಿಸಿದರೆ ಅವರು ತದ್ವಿರುದ್ಧ ಹೇಳುತ್ತಿದ್ದರು. ಮೌಳಿ ಒಂದು ದಿನ ಅವರದು, ಒಂದು ದಿನ ಇವರದು ಮಾಡುತ್ತಿದ್ದ. ಕಾರು ಎರಡನ್ನೂ ಕೇಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಮ್ಯಾನೇಜರರು ಬಾಂಬು ಹಾಕಿದರು. ಕ್ರೀಡಾಜ್ಯೋತಿ ಬೆಳಗುವ ಗೌರವ ನಮ್ಮ ಬ್ರಾಂಚಿಗೆ ಬಂದಿದೆ. ಮೌಳಿ ತನ್ನ ಸ್ಪೋರ್ಟ್ಸ್ ಕಾರಿನಲ್ಲಿ ನಿಂತು, ಪಂಜು ಹಿಡಿದು, ಮೈದಾನಕ್ಕೆ ಒಂದು ಸುತ್ತು ಬಂದು ಜನರಲ್ ಮ್ಯಾನೇಜರರ ಎದುರು ದೀಪ ಹಚ್ಚಬೇಕು.

"ನಿಧಾನವಾಗಿ, ಗಂಭೀರವಾಗಿ," ಎಂದರು ದಕ್ಷಿಣಾಮೂರ್ತಿ.

ನಿಧಾನ! ಆ ಕಾರಿಗೆ ಬಾರದೆ ಇದ್ದುದು ಅದೊಂದೇ.

ಉಳಿದವರೆಲ್ಲ, ಗಿರಿಜಾ ಸಮೇತ, ಬ್ಯಾಂಕಿನ ಬಸ್ಸಿನಲ್ಲಿ ಹೊರಟರು. ನಾವು ಬೆಳಗಾಗುತ್ತಲೇ ಕಾರು ತಳ್ಳಿಕೊಂಡು ಹೊರಟೆವು. ಅನಕಾಪಲ್ಲಿಯಲ್ಲಿ ಕಾಮೇಶ್ವರ ರಾಯರು ಹಸಿರು ಕಾರಿನಲ್ಲಿ ಜೊತೆಯಾದರು. ತುನಿಯಲ್ಲಿ ಇಡ್ಲಿ ತಿನ್ನಲು ಇಳಿದೆವು. ಎರಡನೇ ತಟ್ಟೆ ಬರುವಷ್ಟರಲ್ಲಿ ಒಂದು ಮೇಕೆ ನಮ್ಮ ಕಾರಿನ ಅಡಿಗೆ ತಲೆ ತೂರಿಸಿ ಟ್ಯಾಂಕಿನ ಬೆಲ್ಲವನ್ನೆಲ್ಲ ನೆಕ್ಕಿ ಮುಗಿಸಿ, ಪೆಟ್ರೋಲು ತೊಟ್ಟಿಕ್ಕಿದಾಗ ಸೀನುತ್ತಾ ನಿಂತಿತ್ತು. ಮೇಕೆಯ ಒಡತಿ ಓಡಿ ಬಂದು, ನನ್ನ ಮೇಕೆಗೆ ಏನು ತಿನ್ನಿಸಿದಿರಿ ಎಂದು ಊರು ಒಟ್ಟು ಮಾಡಿದಳು. ಕಾಮೇಶ್ವರ ರಾಯರು ಇಡೀ ಬೆಲ್ಲದ ಅಚ್ಚನ್ನು ಆಕೆಯ ಕೈಗಿಟ್ಟು ಸಮಾಧಾನ ಮಾಡಿ, ಇನ್ನೊಂದು ಅಚ್ಚನ್ನು ಟ್ಯಾಂಕಿಗೆ ಮೆತ್ತಿದರು.

ಸಂಜೆ ಐದಕ್ಕೆ ನರ್ಸಿಂಗ್ ಹೋಮಿನ ಅಂಗಳಕ್ಕೆ ಬಂದೆವು. ನೆರೆತ ಕೂದಲಿನ, ಎತ್ತರದ ಹೆಂಗಸೊಬ್ಬರು ಬಿಳಿ ಕೋಟಿನಲ್ಲಿ ಮೆಟ್ಟಿಲಿಳಿದು ಬಂದು ನಮ್ಮ ಕಡೆ ನೋಡದೆ ನೇರ ಬಾನೆಟ್ಟು ಎತ್ತಿದರು.

"ಬರ್ರಿ, ಬರ್ರಿ. ಎಂಜಿನ್ ಬಂದ್ ಮಾಡಬ್ಯಾಡ್ರಿ. ಆಕ್ಸಿಲರೇಟರ್ ಒತ್ತಿ ಹಿಡೀರಿ," ಎಂದು ಕುತ್ತಿಗೆಯ ಸ್ಟೆತಸ್ಕೋಪನ್ನು ಕಿವಿಗಿಟ್ಟು, ಅದರ ಬಿಲ್ಲೆ ಕಳಚಿ, ಬರಿಯ ಕೊಳವೆಯ ತುದಿಯನ್ನು ಮೊದಲು ಒಂದು ಕಾರ್ಬೊರೇಟರಿನ ಬಾಯಿಗೆ, ಆಮೇಲೆ ಇನ್ನೊಂದರ ಬಾಯಿಗೆ ಹಿಡಿದರು. ಹೆರಿಗೆಗೆ ಬಂದವರ ಕಡೆಯವರೆಲ್ಲ ವರಾಂಡದಲ್ಲಿ ಉಸಿರು ಬಿಗಿಹಿಡಿದು ನಿಂತರು.

"ಒಂದು ದೊಡ್ಡ ಉಸಿರು ಎಳೀತೈತಿ, ಇನ್ನೊಂದು ಸಣ್ಣ ಉಸಿರು. ಇಲ್ಲಿ ಕೇಳ್ರಿ." ಕೊಳವೆಯನ್ನು ಮೌಳಿಯ ಕಿವಿಗಿಟ್ಟರು. ಅವನು ಕಣ್ಣು ಮುಚ್ಚಿ ಕೇಳಿದ. ಬಹಳ ಹೊತ್ತು ಕೇಳಿದ. ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಬೆಳಕು ಬಂತು. "ಹೌದಮ್ಮಾ," ಎಂದ, "ಎಡದ್ದಕ್ಕೆ ಗೂರಲು ಬಂದ ಹಾಗಿದೆ."

ಡಾಕ್ಟರು ಅದರ ತಲೆ ಬಿಚ್ಚಿ ಬೆರಳದ್ದಿ ಮೂಸಿದರು. "ಇದಕ್ಕ ಎಳ್ಳೆಣ್ಣೆ ಹಾಕಿದವರು ಯಾರು?"

ಕಾಮೇಶ್ವರ ರಾಯರು ವರಾಂಡದ ಕ್ಯಾಲೆಂಡರನ್ನು ಅಧ್ಯಯನ ಮಾಡತೊಡಗಿದರು.

"ರಾವುಗಾರೂ, ಇದು ಉಪ್ಪಿನಕಾಯಿ ಅಲ್ಲ!"

"ಡಾಕ್ಟರಮ್ಮಾ, ಆ ಎಣ್ಣೆಯಲ್ಲೇ ಅದು ನಿಮ್ಮ ತನಕ ಬಂದಿದ್ದು!"

ಹೀಗೆ ಅರ್ಧ ಗಂಟೆ. ಇಬ್ಬರೂ ಜಗಳವಾಡುತ್ತಲೇ ಎಣ್ಣೆ ಬದಲಿಸಿ ತಿರುಪುಗಳನ್ನು ತಿರುಗಿಸಿದರು. ಮೌಳಿ ಕೊಳವೆ ಹಿಡಿದು ಎಡ, ಬಲ ಎಂದು ಹೇಳುತ್ತ ಹೋದ. ಕಡೆಗೆ ಡಾಕ್ಟರು ಕೈ ಒರೆಸಿಕೊಂಡು ಹೇಳಿದರು: "ಉಸಿರಾಟ ಒಂದು ಹಂತಕ್ಕ ಬಂತು. ಆದರ ಒಳಗಿನ ಸೂಜಿ ಸವದಾವು. ನಿಧಾನ ಹೋದ್ರ ನಿಲ್ಲತೈತಿ. ನಾಳೆ ನಾನೇ ನಡಸ್ತೀನಿ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೈದಾನ ತುಂಬಿತ್ತು. ವೇದಿಕೆಯ ಮೇಲೆ ಜನರಲ್ ಮ್ಯಾನೇಜರರು, ಪಕ್ಕದಲ್ಲಿ ಹೊಸ ಸಫಾರಿ ಸೂಟಿನ ದಕ್ಷಿಣಾಮೂರ್ತಿ. ಬ್ಯಾಂಡು ಶುರುವಾಯಿತು. ಕಾಮೇಶ್ವರ ರಾಯರೂ ನಾನೂ ಗೇಟಿನಾಚೆಯಿಂದ ಕಾರು ತಳ್ಳಿದೆವು. ಎಂಜಿನ್ ಹಿಡಿಯಿತು. ಗಂಭೀರವಾಗಿ ಬರಬೇಕಾಗಿದ್ದ ಕ್ರೀಡಾಜ್ಯೋತಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಮೈದಾನಕ್ಕೆ ನುಗ್ಗಿತು.

ಸಾಲಾಗಿ ನಿಂತಿದ್ದ ಏಲೂರು ಬ್ರಾಂಚಿನವರು ದಿಕ್ಕಾಪಾಲಾಗಿ ಓಡಿದರು. ಬಿಳಿ ಷರಟು, ಬಿಳಿ ಪ್ಯಾಂಟಿನ ಮೌಳಿ ಎಡಗೈಯಲ್ಲಿ ಮುಂದಿನ ಗಾಜನ್ನು ಅವಚಿ, ಬಲಗೈಯಲ್ಲಿ ಪಂಜು ಎತ್ತಿ ನಿಂತಿದ್ದ. ಜ್ವಾಲೆ ಹಿಂದಕ್ಕೆ ಬಾಗಿ ಟ್ಯಾಂಕಿನ ಕಡೆಗೇ ನೋಡುತ್ತಿತ್ತು.

"ಡಾಕ್ಟರಮ್ಮಾ," ಎಂದನಂತೆ ಮೌಳಿ, "ಟ್ಯಾಂಕು ತೂತು. ಬೆಲ್ಲ ಮೆತ್ತಿದೆ."

"ಈಗ ಹೇಳ್ತೀರೇನ್ರೀ!" ಎಂದರಂತೆ ಅವರು. "ಎಷ್ಟು ಬೆಲ್ಲ?"

"ಒಂದಚ್ಚು."

"ಹಂಗಾರ ಪಂಜು ಮುಂದಕ್ಕ ಹಿಡೀರಿ."

ದೀಪದ ಕಂಬದ ಹತ್ತಿರ ಬಂದಾಗ ಮೌಳಿ ಬಗ್ಗಿ ಪಂಜು ಚಾಚಿದ. ತಾಕಲಿಲ್ಲ. ನಿಲ್ಲಿಸಿದರೆ ಎಂಜಿನ್ ಸಾಯುತ್ತದೆ. ಆದ್ದರಿಂದ ಎರಡನೇ ಸುತ್ತು. ಮತ್ತೆ ತಪ್ಪಿತು. ಮೂರನೇ ಸುತ್ತಿಗೆ ಜನ ಎದ್ದು ನಿಂತು ಚಪ್ಪಾಳೆಯಲ್ಲಿ ತಾಳ ಹಾಕತೊಡಗಿದರು. ಬ್ಯಾಂಡಿನವರು ಗೊತ್ತಿದ್ದ ಎರಡೂ ಪದ ಮುಗಿಸಿ ಮೊದಲನೆಯದನ್ನೇ ಮತ್ತೆ ಹಿಡಿದರು. "ಇದು ಸಂಪ್ರದಾಯವಾ?" ಎಂದು ಜನರಲ್ ಮ್ಯಾನೇಜರರು ಕೇಳಿದರೆ, "ಕರ್ನಾಟಕ ಸ್ಟೈಲು ಸಾರ್," ಎಂದು ದಕ್ಷಿಣಾಮೂರ್ತಿ ಬೆವರು ಒರೆಸಿಕೊಂಡರು.

ನಾಲ್ಕನೇ ಸುತ್ತಿನಲ್ಲಿ, ವೇದಿಕೆಯಿಂದ ಅತಿ ದೂರದ ಮೂಲೆಯಲ್ಲಿ, ಕಾರು ಎರಡು ಸಲ ಕೆಮ್ಮಿ ನಿಂತಿತು. ಬ್ಯಾಂಡೂ ನಿಂತಿತು.

ಮೌಳಿ ಕೆಳಗಿಳಿದ. ಪಂಜನ್ನು ಡಾಕ್ಟರ ಕೈಗೆ ಕೊಟ್ಟ. ಕಾರಿನ ಹಿಂದೆ ಹೋಗಿ, ನಾಲ್ಕು ತಿಂಗಳು ದಿನಾ ಮಾಡಿದ ಹಾಗೆ ಭುಜ ಕೊಟ್ಟು ತಳ್ಳತೊಡಗಿದ. ಮೊದಲು ನಡಿಗೆ, ಆಮೇಲೆ ಓಟ. ನಾವು ಸಹಾಯಕ್ಕೆ ಓಡಿದೆವು. ಹತ್ತು ಹೆಜ್ಜೆಗೇ ಕಾಮೇಶ್ವರ ರಾಯರು ಕೂತುಬಿಟ್ಟರು. ಇಪ್ಪತ್ತಕ್ಕೆ ನಾನು. ಅವನು ನಿಲ್ಲಲಿಲ್ಲ. ಡಾಕ್ಟರು ಒಂದು ಕೈಯಲ್ಲಿ ಸ್ಟೀರಿಂಗ್, ಒಂದು ಕೈಯಲ್ಲಿ ಬೆಂಕಿ ಹಿಡಿದು ದುರ್ಗೆಯ ಹಾಗೆ ಕೂತಿದ್ದರು. ಇನ್ನೂರು ಮೀಟರು. ಕಾರು ಕಂಬದ ಪಕ್ಕಕ್ಕೇ ಬಂದು ಸುಮ್ಮನೆ ನಿಂತಿತು. ಎಂಜಿನ್ ಸತ್ತಿದ್ದರಿಂದ ಈ ಸಲ ನಿಲ್ಲಲು ಅದಕ್ಕೆ ಕಷ್ಟವೇ ಆಗಲಿಲ್ಲ. ಮೌಳಿ ಪಂಜು ತೆಗೆದುಕೊಂಡು ದೀಪ ಹಚ್ಚಿದ.

ಆ ಚಪ್ಪಾಳೆ ಕೃಷ್ಣಾ ನದಿಯ ಆಚೆ ದಡಕ್ಕೂ ಕೇಳಿಸಿರಬೇಕು.

ಜನರಲ್ ಮ್ಯಾನೇಜರರು ಮೈಕನ್ನು ಅವನ ಮುಂದೆ ಹಿಡಿದು, "ನಿಮ್ಮ ಆಟ ಯಾವುದು?" ಎಂದರು. ಮೌಳಿ ಏದುಸಿರು ಬಿಡುತ್ತಾ ಸುತ್ತಲೂ ನೋಡಿದ. ಹೆಂಗಸರ ಸಾಲಿನಲ್ಲಿ ಗಿರಿಜಾ ಎದ್ದು ನಿಂತಿದ್ದರು.

"ಸಾರ್, ನಾನು ಯಾವ ಆಟವನ್ನೂ ಆಡಿದವನಲ್ಲ," ಎಂದ. "ಕಾರು ಕೆಟ್ಟಿತ್ತು, ತಳ್ಳಿದೆ. ಅಷ್ಟೇ."

"ನೋಡಿ ಇವರ ವಿನಯ!" ಎಂದು ಜನರಲ್ ಮ್ಯಾನೇಜರರು ಅವನನ್ನು ತಬ್ಬಿಕೊಂಡರು. ನಿಜ ಹೇಳಿಯೂ ಅವನು ಬಚಾವಾಗಲಿಲ್ಲ.

ಮಧ್ಯಾಹ್ನ ಷಾಮಿಯಾನದ ನೆರಳಿನಲ್ಲಿ ಗಿರಿಜಾ ಬಂದು ಅವನ ಪಕ್ಕ ಕೂತರು. ಮೌಳಿ ನೆಲ ನೋಡುತ್ತ ಹೇಳಿದ: "ನಿಮ್ಮಪ್ಪನಿಗೆ ನಾನೇ ಬರೀತೀನಿ. ಸುಳ್ಳು ಅಂತ."

"ನಂಗೊತ್ತಿರ್ಲಿಲ್ವೇನ್ರೀ? ಅಕ್ಕಿ ಡಬ್ಬ ಇಳಿಸೋಕೆ ಸುಸ್ತಾಗೋರು ನೀವು. ಆದ್ರೆ ಬೆಳಿಗ್ಗೆ ಆರಕ್ಕೆ ಎದ್ದು ಓಡ್ತಿದ್ರಿ, ಹಾಡು ಹೇಳ್ಕೊಂಡು ಸ್ನಾನ ಮಾಡ್ತಿದ್ರಿ. ಆರು ವರ್ಷದಲ್ಲಿ ಅದನ್ನ ನೋಡಿರ್ಲಿಲ್ಲ ನಾನು. ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ." ಅವನ ತೋಳಿನ ಧೂಳು ಕೊಡವುತ್ತ ಅಂದರು: "ಇವತ್ತು ತಳ್ಳಿದ್ದು ನೀವೇ ತಾನೆ? ಅಪ್ಪನಿಗೆ ನಾನು ಅಷ್ಟನ್ನೇ ಬರೀತೀನಿ."

ತೊಂಬತ್ತರಲ್ಲಿ ಮೌಳಿಗೆ ಅರಸೀಕೆರೆಗೇ ವರ್ಗವಾಯಿತು. ಕಾರು ಅಷ್ಟು ದೂರ ಬರುವಂತಿರಲಿಲ್ಲ. ಲಾರಿಯ ಮೇಲೆ ಹತ್ತಿಸಿ ಹೈಮಾವತಿಯವರಿಗೆ ಕಳಿಸಿದ. ಲಾರಿ ಹೋದ ಮೇಲೂ ಬೀದಿಯ ಕೊನೆಯವರೆಗೆ ನಡೆದುಹೋಗಿ ನಿಂತಿದ್ದ. ಎರಡು ವರ್ಷದ ಮೇಲೆ ಕಾಮೇಶ್ವರ ರಾಯರು ತೀರಿಕೊಂಡರು. ಅವರ ಹಸಿರು ಕಾರನ್ನೂ ಮನೆಯವರು ಡಾಕ್ಟರ ಅಂಗಳಕ್ಕೇ ಕಳಿಸಿದರು.

ತೊಂಬತ್ತೇಳರಲ್ಲಿ ಆಡಿಟ್ಟಿಗೆಂದು ವಿಜಯವಾಡಕ್ಕೆ ಹೋದಾಗ ನಾನು ನರ್ಸಿಂಗ್ ಹೋಮನ್ನು ಹುಡುಕಿಕೊಂಡು ಹೋದೆ. ಬೆಂಜ್ ಸರ್ಕಲ್ಲಿನ ಗದ್ದಲದಲ್ಲಿ ಬೋರ್ಡೇ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಒಂದೇ ಕಾರು. ನೀಲಿ ಮೈ, ಹಸಿರು ಬಾಗಿಲು, ಕೆಂಪು ಬಾನೆಟ್ಟು. ಮೂರನ್ನೂ ಸೇರಿಸಿ ಒಂದು ಮಾಡಿಕೊಂಡು ಓಡಿಸುತ್ತಿದ್ದೇನೆ ಎಂದರು ಹೈಮಾವತಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಒಂದು ವಾರದಿಂದ ಏನೋ ತಕರಾರು. ನನಗ ಈಗ ಕಿವಿ ಮಂದ, ರಮಾಕಾಂತ. ಕೊಳವಿ ಇಟ್ರೂ ಕೇಳಂಗಿಲ್ಲ. ಮೌಳಿಯವರ ಫೋನ್ ನಂಬರ್ ಐತೇನು?"

ನಂಬರು ಹಚ್ಚಿದೆ. ಫೋನಿನ ತಂತಿ ಉದ್ದವಿತ್ತು. ಕಿಟಕಿಯಿಂದ ರಿಸೀವರನ್ನು ಹೊರಗೆ ತಂದು ಬಾನೆಟ್ಟಿನೊಳಗೆ ಹಿಡಿದೆ. ಡಾಕ್ಟರು ಎಂಜಿನ್ ಶುರು ಮಾಡಿದರು. ಐದು ನಿಮಿಷದ ಮೇಲೆ ಕಿವಿಗಿಟ್ಟುಕೊಂಡೆ.

"ಬಲದ್ದು ಜಾಸ್ತಿ ಎಳೀತಿದೆ ಕಣಯ್ಯಾ," ಎಂದ ಮೌಳಿ ಅರಸೀಕೆರೆಯಿಂದ. "ತಿರುಪು ಅರ್ಧ ಸುತ್ತು ಬಿಗಿ ಮಾಡೋಕೆ ಹೇಳು."

ಡಾಕ್ಟರು ಬಿಗಿ ಮಾಡಿದರು. ಸದ್ದು ಮೆತ್ತಗಾಯಿತು. ಮತ್ತೆ ರಿಸೀವರು ಹಿಡಿದು, ಮತ್ತೆ ಕಿವಿಗಿಟ್ಟುಕೊಂಡು ಕೇಳಿದೆ, "ಈಗ ಹ್ಯಾಗಿದೆ ಮೌಳಿ?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಅವನು ಕೂತುಕೊಂಡಿರಬೇಕು.

"ಸರಿಹೋಯ್ತು," ಎಂದ. "ಇನ್ನೇನೂ ತೊಂದರೆ ಇಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದ: "ಆದ್ರೂ ಈಗಲೇ ಇಡಬೇಡ ಕಣಯ್ಯಾ. ಅಲ್ಲೇ ಹಿಡಿದಿರು. ಗಿರಿಜಾನ್ನ ಕರೀತೀನಿ, ಅವಳೂ ಕೇಳಲಿ."